ಕರಿ ಟ್ರೇ ಮಾಡಿಸುವ ಮುನ್ನ: ಕಾರ್ಬನ್ ಬ್ಲ್ಯಾಕ್ ಸಾಕೋ, ನ್ಯಾನೋಟ್ಯೂಬ್ ಬೇಕೋ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಮೌಲ್ಡಿಂಗ್ ಶಾಪ್ ಇದೆ. ಸುತ್ತಮುತ್ತ ಎಲ್ಲ ಫೌಂಡ್ರಿ, ಹೈಡ್ರಾಲಿಕ್ಸ್, ಮಷಿನ್ ಶಾಪ್‌ಗಳು. ಅವುಗಳ ನಡುವೆ ಪ್ಲಾಸ್ಟಿಕ್ ಒತ್ತುವವರು ನಾವೊಂದಿಷ್ಟು ಜನ. ಎರಡು ಮೂರು ವರ್ಷಗಳಿಂದ ಒಂದು ಹೊಸ ಬೇಡಿಕೆ ಜಾಸ್ತಿ ಆಗಿದೆ. ಎಲೆಕ್ಟ್ರಾನಿಕ್ಸ್ ಬೋರ್ಡ್ ಇಡುವ ಟ್ರೇ, ಬಿನ್, ಸ್ಟ್ಯಾಂಡ್ ಬೇಕು ಎಂದು ಬರುವವರು ಕೂತ ಕೂಡಲೇ ಹೇಳುವುದು ಒಂದೇ ಮಾತು. "ನ್ಯಾನೋಟ್ಯೂಬ್ ಹಾಕಿದ್ದ ಕೊಡ್ರಿ ಅಣ್ಣಾ, ಅದ ಬೆಸ್ಟ್ ಅಂತಾರಲ್ಲ."

ಬೆಸ್ಟ್ ಹೌದು, ಕೆಲವು ಕಡೆ. ಉಳಿದ ಕಡೆ ಸುಮ್ನೆ ದುಡ್ಡು ಸುಟ್ಟ ಹಾಗೆ. ಎರಡೂ ರೀತಿಯ ಪಾಠ ನನಗೆ ಆಗಿದೆ, ಹಾಗಾಗಿ ಬರೆಯುತ್ತಿದ್ದೇನೆ. ಸಾದಾ ಪ್ಲಾಸ್ಟಿಕ್ ಮೇಲೆ ಕೂಡುವ ಸ್ಟ್ಯಾಟಿಕ್ ಬೋರ್ಡನ್ನು ಹಾಳು ಮಾಡಬಹುದು, ಅದು ಹರಿದು ಹೋಗಲಿ ಅಂತ ಪ್ಲಾಸ್ಟಿಕ್‌ಗೆ ಬೆರೆಸುವ ಕಾರ್ಬನ್ ಇವು: ಕಾರ್ಬನ್ ಬ್ಲ್ಯಾಕ್ ಅಂದರೆ ನುಣ್ಣನೆಯ ಮಸಿ, ನ್ಯಾನೋಟ್ಯೂಬ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ.

ಮೊದಲು ಓಮ್, ಅಂದರೆ ಕರೆಂಟ್‌ಗೆ ಒಡ್ಡುವ ಅಡ್ಡಿ (ರೆಸಿಸ್ಟನ್ಸ್), ಎಷ್ಟು ಬೇಕು ಅಂತ ಕೇಳಿ, ಯಾವ ಮಾಲು ಅಂತ ಆಮೇಲೆ. ಸಾದಾ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಕರೆಂಟ್‌ಗೆ ಗೋಡೆ ಇದ್ದ ಹಾಗೆ. ಅದರ ಮೇಲೆ ಕೂತ ಸ್ಟ್ಯಾಟಿಕ್ ಅಲ್ಲೇ ಕೂತಿರುತ್ತದೆ. ಇಎಸ್‌ಡಿ, ಅಂದರೆ ಸ್ಟ್ಯಾಟಿಕ್ ಥಟ್ಟನೆ ಹಾರುವುದು, ಅದನ್ನು ತಡೆಯುವ ಸ್ಟ್ಯಾಂಡರ್ಡ್ ಪ್ಯಾಕಿಂಗ್ ಸಾಮಾನನ್ನು ಮೂರು ಭಾಗ ಮಾಡುತ್ತದೆ. ಮೇಲ್ಮೈ ರೆಸಿಸ್ಟನ್ಸ್ 10⁴ ಓಮ್‌ಗಿಂತ ಕಡಿಮೆ ಇದ್ದರೆ ಕಂಡಕ್ಟಿವ್. 10⁴ರಿಂದ 10¹¹ರ ಒಳಗಿದ್ದರೆ ಡಿಸಿಪೇಟಿವ್, ಅಂದರೆ ಚಾರ್ಜ್ ನಿಧಾನವಾಗಿ ಇಳಿದು ಹೋಗುತ್ತದೆ. ಅದಕ್ಕೂ ಮೇಲಿದ್ದರೆ ಇನ್ಸುಲೇಟರ್. ಓಮ್ ಕಡಿಮೆ ಆದಷ್ಟೂ ಒಳ್ಳೆಯದು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಚಾರ್ಜ್ ತುಂಬಿಕೊಂಡ ಐಸಿ (ಚಿಪ್) ಒಂದನ್ನು ಲೋಹದಂಥ ಮೇಲ್ಮೈ ಮೇಲೆ ಇಟ್ಟರೆ ಆ ಚಾರ್ಜ್ ಒಂದೇ ಏಟಿಗೆ ಹಾರುತ್ತದೆ, ಐಸಿ ಸಾಯುವುದು ಅಲ್ಲೇ. ಬಾವಿಗೆ ಧುಮುಕುವುದಕ್ಕೂ ಮೆಟ್ಟಿಲು ಇಳಿಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನಮ್ಮ ಕೈಗೆ ಶಾಕ್ ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಆದರೆ 100 ವೋಲ್ಟ್‌ಗೂ ಕಡಿಮೆಯಲ್ಲಿ ಹಾಳಾಗುವ ಸಾಮಾನುಗಳಿವೆ. ಅದಕ್ಕೇ "ನಮಗೇನೂ ಶಾಕ್ ಹೊಡೀಲಿಲ್ಲ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಬೋರ್ಡ್ ನೇರವಾಗಿ ತಾಗುವ ಟ್ರೇಗೆ ನಾನು 10⁵ರಿಂದ 10⁹ರ ಒಳಗೆ ಇರಲಿ ಅನ್ನುತ್ತೇನೆ. ಹೊರಗಿನ ಕ್ರೇಟ್‌ಗೆ ಇಷ್ಟು ನಾಜೂಕು ಬೇಡ.

ಇನ್ನು ಪ್ಲಾಸ್ಟಿಕ್ ಹೇಗೆ ಕರೆಂಟ್ ಬಿಡುತ್ತದೆ ಅನ್ನುವುದು. ಒಂದು ಖಾಲಿ ಚಕ್ಕಡಿ ನೆನೆಸಿಕೊಳ್ಳಿ. ಅದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದಕ್ಕೊಂದು ತಾಗಿಕೊಂಡ ದಾರಿ ಬೇಕು. ಜೋಳದ ಕಾಳು ಹಾಕಿದರೆ ಎಷ್ಟು ಚೀಲ ಸುರಿಯಬೇಕು! ಅದೇ ಜೋಳದ ಕಣಿಕೆಯನ್ನು ಅಡ್ಡಾದಿಡ್ಡಿ ಒಗೆದರೆ ಒಂದು ಹೊರೆಯಲ್ಲೇ ದಾರಿ ಆಗಿಬಿಡುತ್ತದೆ. ಕಾರ್ಬನ್ ಬ್ಲ್ಯಾಕ್ ಕಾಳು, ನ್ಯಾನೋಟ್ಯೂಬ್ ಕಣಿಕೆ. ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಬೆಲ್ಜಿಯಮ್‌ನ ನ್ಯಾನೋಸಿಲ್ ಕಂಪನಿಯ ಎನ್‌ಸಿ7000 ಅನ್ನುವ ಗ್ರೇಡ್‌ನ ಟ್ಯೂಬ್ ಸರಾಸರಿ 9.5 ನ್ಯಾನೋಮೀಟರ್ ದಪ್ಪ, 1.5 ಮೈಕ್ರಾನ್ ಉದ್ದ. ಅಂದರೆ ದಪ್ಪದ 150 ಪಟ್ಟಿಗೂ ಮೀರಿದ ಉದ್ದ. ಕಾರ್ಬನ್ ಬ್ಲ್ಯಾಕ್ ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಹಾಕಬೇಕಾದ ಕಡೆ ನ್ಯಾನೋಟ್ಯೂಬ್ 2ರಿಂದ 4 ಸಾಕಾಗುವುದು ಈ ಕಾರಣಕ್ಕೆ.

ಈ ದಾರಿ ಆಗುವುದು ಮೆಲ್ಲಗೆ ಅಲ್ಲ, ಥಟ್ಟನೆ. ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ, ನೂರಕ್ಕೆ ಇನ್ನೊಂದು ಅರ್ಧ ಹಾಕಿದರೆ 10¹³ ಇದ್ದದ್ದು 10⁵ಕ್ಕೆ ಬೀಳುತ್ತದೆ. ಇದಕ್ಕೆ ಪರ್ಕೊಲೇಶನ್ ಅನ್ನುತ್ತಾರೆ. ಇದರಿಂದ ನಮಗೆ ಆಗುವ ತಲೆನೋವು ಏನೆಂದರೆ, ಬೇಕಾದ 10⁷–10⁸ ಇರುವುದು ಸರಿಯಾಗಿ ಆ ಜಾರುವ ಜಾಗದಲ್ಲೇ. ಕಾರ್ಬನ್ ಬ್ಲ್ಯಾಕ್ ಆಗಲಿ ನ್ಯಾನೋಟ್ಯೂಬ್ ಆಗಲಿ, ಮಧ್ಯದಲ್ಲಿ ನಿಲ್ಲಿಸುವುದು ಕಷ್ಟ. "ನಮ್ಮ ಮಾಲು ಸದಾ 10⁸ ಕೊಡತದ" ಅನ್ನುವ ಏಜೆಂಟ್ ಬಂದರೆ ಚಹಾ ಕೊಟ್ಟು ಕಳಿಸಿ.

ಈಗ ಒಂದೊಂದಾಗಿ ನೋಡೋಣ. ಅಗ್ಗದ್ದರಿಂದ ಶುರು.

ಆಂಟಿಸ್ಟ್ಯಾಟಿಕ್ ಪುಡಿ

ಗ್ಲಿಸರಾಲ್ ಮೊನೊಸ್ಟಿಯರೇಟ್ ಥರದ ಮೇಣದಂಥ ವಸ್ತುಗಳಿವು. ನೂರಕ್ಕೆ 1ರ ಆಸುಪಾಸು ಹಾಕಿದರೆ ಆಯಿತು. ಬಣ್ಣ ಬೇಕಾದ್ದು ಬರುತ್ತದೆ, ಖರ್ಚು ಇಲ್ಲವೇ ಇಲ್ಲ ಅನ್ನಬೇಕು. ಅದು ಮೆಲ್ಲಗೆ ಮೇಲ್ಮೈಗೆ ಬಂದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಆ ತೇವದ ತೆಳು ಪದರವೇ ಚಾರ್ಜ್ ಒಯ್ಯುತ್ತದೆ. ಇಲ್ಲೇ ನಾನು ಎಡವಿದ್ದು. ಒಂದು ಜುಲೈನಲ್ಲಿ, ಬೆಳಗಾವಿಯ ಮಳೆ ಹಿಡಿದು ಕೂತಿದ್ದಾಗ, ಗೋಡೆಯೆಲ್ಲ ಬೆವರುವ ಹೊತ್ತಿನಲ್ಲಿ ಟ್ರೇ ಮಾಡಿ ಅಳೆದೆ. ಚೆನ್ನಾಗಿಯೇ ಬಂತು. ವಿಜಯಪುರದ ಕಡೆಯ ಗಿರಾಕಿಗೆ ಕಳಿಸಿದೆ. ಮಾರ್ಚ್ ಬಂತು. ಅಲ್ಲಿನ ಒಣ ಬಿಸಿಲು ನಿಮಗೆ ಗೊತ್ತಲ್ಲ, ತುಟಿ ಒಡೆಯುವಂಥದ್ದು. ಫೋನ್ ಬಂತು: "ಅಣ್ಣಾ, ನಿಮ್ಮ ಟ್ರೇ ಕೈ ಹಚ್ಚಿದ್ರ ಚಟಚಟ ಅಂತೈತಿ." ಮಾಲಿನದ್ದೇನೂ ತಪ್ಪಿರಲಿಲ್ಲ. ಮಳೆಗಾಲದಲ್ಲಿ ಅಳೆದ ನನ್ನದೇ ತಪ್ಪು. ಸ್ಟ್ಯಾಂಡರ್ಡ್‌ನಲ್ಲಿ ಸುಮಾರು ನೂರಕ್ಕೆ 12 ತೇವಾಂಶದ ಗಾಳಿಯಲ್ಲಿ 48 ಗಂಟೆ ಇಟ್ಟು ಅಳೆಯಿರಿ ಅಂತ ಇರುವುದು ಸುಮ್ನೆ ಅಲ್ಲ ಅಂತ ಆಗ ಅರ್ಥವಾಯಿತು. ಮೇಲಾಗಿ ಇದು ಒರೆಸಿ ತೊಳೆದು ಮಾಡಿದರೆ ಸವೆದೂ ಹೋಗುತ್ತದೆ. ಒಂದು ಸಲ ಬಳಸಿ ಬಿಸಾಡುವ ಪ್ಯಾಕಿಂಗ್‌ಗೆ ಸರಿ, ವರ್ಷಗಟ್ಟಲೆ ಓಡಾಡುವ ಟ್ರೇಗೆ ಬೇಡ.

ಇದರ ಅಣ್ಣನಂಥದ್ದು ಇನ್ನೊಂದಿದೆ, ಪರ್ಮನೆಂಟ್ ಆಂಟಿಸ್ಟ್ಯಾಟ್. ಅದು ಮೇಣವಲ್ಲ, ತಾನೇ ಒಂದು ಪಾಲಿಮರ್. ನೂರಕ್ಕೆ 10ರಿಂದ 20 ಬೇಕು. ಸವೆಯುವುದಿಲ್ಲ, ಬಣ್ಣ ಉಳಿಯುತ್ತದೆ, ಓಮ್ 10⁹–10¹¹ರ ಬಳಿ ಸುಮಾರಾಗಿ ಸ್ಥಿರವಾಗಿ ನಿಲ್ಲುತ್ತದೆ. ಬಿಳಿ ಅಥವಾ ನೀಲಿ ಟ್ರೇಯೇ ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಯಾಕೆಂದರೆ ಕಾರ್ಬನ್ ಯಾವ ಜಾತಿಯದಾದರೂ ಕರಿ ಬಿಟ್ಟು ಬೇರೆ ಬಣ್ಣ ಕೇಳಬೇಡಿ.

ಕಾರ್ಬನ್ ಬ್ಲ್ಯಾಕ್

ಇದು ಹಳೆಯ ಕುದುರೆ. ಮಸಿ ಅಂತಲೇ ಅನ್ನಿ. ಮೌಲ್ಡಿಂಗ್ ಸುಲಭ, ಸಿಗುವುದು ಸುಲಭ, ತೇವಕ್ಕೆ ಒಣಹವೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕಂಡಕ್ಟಿವ್ ಕ್ರೇಟ್, ಬಿನ್, ಪೈಪ್ ಇಂಥವಕ್ಕೆ ಇದನ್ನು ಬಿಟ್ಟು ಬೇರೆ ನೋಡುವ ಅಗತ್ಯವೇ ಇಲ್ಲ.

ತೊಂದರೆ ಶುರುವಾಗುವುದು ಪ್ರಮಾಣದಿಂದ. ನೂರಕ್ಕೆ 20 ಮಸಿ ತುಂಬಿದ ಪಿಪಿ ಸ್ವಲ್ಪ ಬಿರುಸಾಗುತ್ತದೆ, ಮೇಲಿಂದ ಬಿದ್ದರೆ ಮೂಲೆ ಹಾರುತ್ತದೆ. ಉಜ್ಜಿದರೆ ಕರಿ ಬಿಡುತ್ತದೆ. ಬೋರ್ಡ್‌ಗೆ ಅದು ಅಂಟಿದರೆ ಆ ಕಣಗಳೇ ಕರೆಂಟ್ ಬಿಡುವಂಥವು, ಇನ್ನೇನು ಹೇಳುವುದು. ಹಾರ್ಡ್ ಡಿಸ್ಕ್ ಮತ್ತು ಚಿಪ್ ಮಾಡುವವರು ದುಬಾರಿಯಾದರೂ ನ್ಯಾನೋಟ್ಯೂಬ್ ಟ್ರೇಗಳ ಕಡೆ ಹೋಗಲು ದೊಡ್ಡ ಕಾರಣ ಈ ಧೂಳೇ.

ತೂಕದ ಲೆಕ್ಕವನ್ನೂ ಬಹಳ ಜನ ಮರೆಯುತ್ತಾರೆ. ಡೈ, ಅಂದರೆ ಅಚ್ಚು, ತುಂಬುವುದು ಕೆಜಿಯಿಂದ ಅಲ್ಲ, ಜಾಗದಿಂದ. ಪಿಪಿ ಸಾಂದ್ರತೆ 0.905, ಕಾರ್ಬನ್‌ನದು ಸುಮಾರು 1.8. ಸಾದಾ ಪಿಪಿಯಲ್ಲಿ 100 ಗ್ರಾಂ ತೂಗುವ ಟ್ರೇ, ನೂರಕ್ಕೆ 20 ಮಸಿ ಹಾಕಿದರೆ ಸುಮಾರು 111 ಗ್ರಾಂ ಆಗುತ್ತದೆ. ನೂರಕ್ಕೆ 3 ನ್ಯಾನೋಟ್ಯೂಬ್‌ನಲ್ಲಿ ಸುಮಾರು 101.5 ಗ್ರಾಂ. ಅಂದರೆ ಕೆಜಿ ರೇಟ್ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಟ್ರೇಗೆ ಎಷ್ಟು ಬಿತ್ತು ಅಂತ ನೋಡಬೇಕು. ಹಾಗಂತ ಇದೊಂದರಿಂದಲೇ ನ್ಯಾನೋಟ್ಯೂಬ್ ಅಗ್ಗವಾಗುವುದಿಲ್ಲ, ಅಂತರ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ.

ಕಾರ್ಬನ್ ಬ್ಲ್ಯಾಕ್‌ನಲ್ಲೇ ಕವಲೊಡೆದ ಕಣಗಳ ಒಳ್ಳೆಯ ಗ್ರೇಡ್‌ಗಳಿವೆ, ಅವು ಅರ್ಧಕ್ಕಿಂತ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ನ್ಯಾನೋಟ್ಯೂಬ್‌ಗೆ ಹಾರುವ ಮೊದಲು ಈ ನಡುವಿನ ಮೆಟ್ಟಿಲು ನೋಡಿ. ಯಾಕೋ ಏಜೆಂಟರು ಇದರ ಬಗ್ಗೆ ತಾವಾಗಿ ಬಾಯಿ ಬಿಡುವುದಿಲ್ಲ.

ಕಾರ್ಬನ್ ಫೈಬರ್, ಸ್ಟೀಲ್ ಫೈಬರ್, ಗ್ರಾಫೀನ್

ಕಾರ್ಬನ್ ಫೈಬರ್ ಗಟ್ಟಿತನವನ್ನೂ ಕೊಡುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಭಾರ ಹೊರುವ ಜಿಗ್, ಫಿಕ್ಸ್ಚರ್ ಬೇಕಾದರೆ ತೆಗೆದುಕೊಳ್ಳಿ. ಆದರೆ ಟ್ರೇ ಹಪ್ಪಳದಂತೆ ಬಾಗುತ್ತದೆ, ಹರಿದ ದಿಕ್ಕಿಗೊಂದು ಕುಗ್ಗುವಿಕೆ, ಅಡ್ಡಕ್ಕೊಂದು. ಡೈ ಸವೆಯುತ್ತದೆ. ಮೇಲೆ ಒಂದು ಕಡೆ ಓಮ್ ಕಡಿಮೆ, ಒಂದು ಇಂಚು ಆಚೆ ಜಾಸ್ತಿ. ಸ್ಟೀಲ್ ಫೈಬರ್ ಬೇಕಾಗುವುದು ರೇಡಿಯೋ ಅಲೆಗಳನ್ನು ತಡೆಯುವ ಡಬ್ಬಿಗೆ. ಅದನ್ನು ಕೆಳಗೆ ಹೇಳುತ್ತೇನೆ. ಗ್ರಾಫೀನ್ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ತೆಳು ಗ್ರಾಫೈಟ್ ಚಕ್ಕೆಗಳು. ಬಿಸಿ ಹರಡಲು ಒಳ್ಳೆಯವು, ಕರೆಂಟ್‌ಗಾಗಿ ಆದರೆ ನ್ಯಾನೋಟ್ಯೂಬ್‌ಗಿಂತ ಜಾಸ್ತಿ ಹಾಕಬೇಕಾಗುತ್ತದೆ. ಟ್ರೇಗೆ ನಾನು ಬಳಸುವುದಿಲ್ಲ.

ಇನ್ನು ನ್ಯಾನೋಟ್ಯೂಬ್

1991ರಲ್ಲಿ ಜಪಾನಿನ ಎನ್‌ಇಸಿ ಪ್ರಯೋಗಾಲಯದ ಸುಮಿಯೊ ಇಜಿಮಾ ಅವರ ಲೇಖನದಿಂದ ಇದು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಅಮೆರಿಕದ ಹೈಪೀರಿಯನ್ ಕಂಪನಿ 1980ರ ದಶಕದಲ್ಲೇ ಇದರ ಹಿಂದೆ ಬಿದ್ದಿತ್ತು. ಆಮೇಲೆ ಕಾರಿನ ಪೆಟ್ರೋಲ್ ಪೈಪ್‌ನ ನೈಲಾನ್‌ಗೆ ಇದನ್ನು ಹಾಕಿ ಸ್ಟ್ಯಾಟಿಕ್ ಕಿಡಿ ತಪ್ಪಿಸಿದರು. ಪೆಟ್ರೋಲ್ ಪೈಪ್‌ನಂಥ ಬೇಜಾರಿನ ಜಾಗದಲ್ಲಿ ಗೆದ್ದ ವಸ್ತು ಇದು, ಪೇಪರ್‌ನಲ್ಲಿ ಬರುವ ಆಕಾಶಕ್ಕೆ ಏಣಿ ಕಥೆಗಳಲ್ಲಿ ಅಲ್ಲ. ಜರ್ಮನಿಯ ಬೇಯರ್ ಅಂಥ ದೊಡ್ಡ ಕಂಪನಿ ದೊಡ್ಡ ಆಸೆ ಇಟ್ಟುಕೊಂಡು ಇಳಿದು 2013ರಲ್ಲಿ ನ್ಯಾನೋಟ್ಯೂಬ್ ಕೆಲಸ ನಿಲ್ಲಿಸಿತು.

"ತಾಮ್ರಕ್ಕಿಂತ ಚೆನ್ನಾಗಿ ಕರೆಂಟ್ ಬಿಡತದಂತ" ಅನ್ನುವ ಮಾತೂ ಕೇಳಿರುತ್ತೀರಿ. ಅದು ಒಂದೊಂದೇ ಟ್ಯೂಬ್‌ನ ಮಾತು. ಪ್ಲಾಸ್ಟಿಕ್ ಒಳಗೆ ಒಂದು ಟ್ಯೂಬ್‌ನಿಂದ ಇನ್ನೊಂದಕ್ಕೆ ಕರೆಂಟ್ ಜಿಗಿಯಬೇಕು, ನಡುವೆ ಪ್ಲಾಸ್ಟಿಕ್‌ನ ತೆಳು ಪೊರೆ ಇರುತ್ತದೆ. ಎಲ್ಲ ರೆಸಿಸ್ಟನ್ಸ್ ಅಲ್ಲೇ. ಹಾಗಾಗಿ ನಮಗೆ ಸಿಗುವ ಮಾಲು ಚೆನ್ನಾಗಿದ್ದರೂ ತಾಮ್ರಕ್ಕಿಂತ ಹತ್ತು ಲಕ್ಷ ಪಟ್ಟು ಮಂದ. ವೈರ್ ಮಾಡುವ ಕನಸು ಬಿಡಿ.

ಕೊಳ್ಳುವಾಗ ಪುಡಿ ಬೇಡವೇ ಬೇಡ, ಮಾಸ್ಟರ್‌ಬ್ಯಾಚ್ ದಾನಾ ಕೊಳ್ಳಿ, ಅಂದರೆ ಟ್ಯೂಬನ್ನು ಮೊದಲೇ ದಟ್ಟವಾಗಿ ಬೆರೆಸಿಟ್ಟ ಪ್ಲಾಸ್ಟಿಕ್ ಕಾಳು. ಪುಡಿಯಲ್ಲಿ ಟ್ಯೂಬ್‌ಗಳು ಉಂಡೆ ಉಂಡೆ ಸಿಕ್ಕಾಗಿರುತ್ತವೆ, ಒಣ ಶಾವಿಗೆಯ ಮುದ್ದೆಯಂತೆ. ಅದನ್ನು ಬಿಡಿಸಲು ಟ್ವಿನ್ ಸ್ಕ್ರೂ ಮಷಿನ್ ಬೇಕು, ನಮ್ಮ ಮೌಲ್ಡಿಂಗ್ ಮಷಿನ್‌ನ ಒಂಟಿ ಸ್ಕ್ರೂಗೆ ಆಗುವ ಕೆಲಸವಲ್ಲ. ಮಾಸ್ಟರ್‌ಬ್ಯಾಚ್‌ನಲ್ಲಿ ನೂರಕ್ಕೆ 15 ಟ್ಯೂಬ್ ಇದ್ದು ನಿಮಗೆ 3 ಬೇಕೆಂದರೆ 80 ಕೆಜಿ ಸಾದಾ ದಾನಾಗೆ 20 ಕೆಜಿ ಇದು. ಅದಕ್ಕಿಂತ ಒಳ್ಳೆಯದು, ಸಣ್ಣ ಶಾಪ್ ಆದರೆ, ಪೂರ್ತಿ ಬೆರೆಸಿದ ಕಾಂಪೌಂಡ್ ಕೊಳ್ಳುವುದು. ರೇಟ್ ಜಾಸ್ತಿ, ನಿದ್ದೆಯೂ ಜಾಸ್ತಿ. ಮೌಲ್ಡಿಂಗ್‌ಗೆ ಮುಂಚೆ ಒಣಗಿಸಿ. ಪಿಪಿಗೆ ಒಣಗಿಸುವುದು ಯಾಕೆ ಅಂತ ನಮ್ಮ ಆಪರೇಟರ್ ನಕ್ಕಿದ್ದ, ಆಮೇಲೆ ಟ್ರೇ ಮೇಲೆ ಬೆಳ್ಳಿ ಗೆರೆ ನೋಡಿ ಸುಮ್ಮನಾದ. ಟ್ಯೂಬ್‌ಗಳು ತೇವ ಹಿಡಿದುಕೊಳ್ಳುತ್ತವೆ, ಬೆಳಗಾವಿಯ ಮಳೆಗಾಲದಲ್ಲಂತೂ ಕೇಳಲೇಬೇಡಿ.

ಪ್ಲಾಸ್ಟಿಕ್ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪಾಲಿಕಾರ್ಬೊನೇಟ್‌ನಲ್ಲಿ ಟ್ಯೂಬ್ ಚೆನ್ನಾಗಿ ಹರಡಿಕೊಳ್ಳುತ್ತದೆ, ಕಡಿಮೆ ಸಾಕು. ಪಿಪಿಯಲ್ಲಿ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಪಾಲಿಕಾರ್ಬೊನೇಟ್‌ನ ಡೇಟಾ ಶೀಟ್ ತೋರಿಸಿ ಪಿಪಿ ಕಾಂಪೌಂಡ್ ಮಾರುವವರನ್ನು ನಾನು ನೋಡಿದ್ದೇನೆ.

ಈಗ ನನ್ನ ದೊಡ್ಡ ಪಾಠ. ಮೊದಲ ನ್ಯಾನೋಟ್ಯೂಬ್ ಆರ್ಡರ್, ತೆಳು ಗೋಡೆಯ ಟ್ರೇ, ನೂರಕ್ಕೆ 3ರ ಪಿಪಿ ಕಾಂಪೌಂಡ್. ಸಾದಾ ಪಿಪಿಯ ಸೆಟಿಂಗ್‌ನಲ್ಲೇ ಹೊಡೆದೆವು, ಬ್ಯಾರೆಲ್ 210 ಡಿಗ್ರಿ, ಇಂಜೆಕ್ಷನ್ ಸ್ಪೀಡ್ ಭರ್ಜರಿ. ಟ್ರೇ ಕನ್ನಡಿಯಂತೆ ಬಂತು. ಅಳೆದರೆ ನಡುವೆ 10⁵, ಗೇಟ್ (ಮಾಲು ಡೈ ಒಳಗೆ ನುಗ್ಗುವ ಬಾಯಿ) ಬಳಿ ಮತ್ತು ತೆಳು ಪಕ್ಕೆಗಳಲ್ಲಿ 10¹⁰. ಮಾಲು ಕೊಟ್ಟವರಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಅವರು ಕೇಳಿದ್ದು ಒಂದೇ, "ಸ್ಪೀಡ್ ಎಷ್ಟು ಇಟ್ಟೀರಿ?"

ಆಗುವುದು ಏನೆಂದರೆ, ಕರಗಿದ ಮಾಲು ಜೋರಾಗಿ ನುಗ್ಗಿ ತಣ್ಣನೆಯ ಡೈ ಗೋಡೆಗೆ ತಾಗಿದ ಕೂಡಲೇ ಮೇಲಿನ ಪದರ ಗಟ್ಟಿಯಾಗುತ್ತದೆ. ಆ ಪದರದಲ್ಲಿ ಟ್ಯೂಬ್‌ಗಳೆಲ್ಲ ಹರಿದ ದಿಕ್ಕಿಗೆ ಮಲಗಿಬಿಡುತ್ತವೆ, ಕಣಿಕೆಯನ್ನು ಸಿವುಡು ಕಟ್ಟಿಟ್ಟ ಹಾಗೆ ಒಂದೇ ಕಡೆ ಮುಖ. ಅಡ್ಡಡ್ಡ ತಾಗುವುದು ತಪ್ಪಿತು ಅಂದರೆ ದಾರಿಯೂ ತಪ್ಪಿತು. ಒಳಗೆ ಕರೆಂಟ್ ಹರಿಯುತ್ತದೆ, ಮೇಲೆ ಮಾತ್ರ ಪ್ಲಾಸ್ಟಿಕ್ ಚರ್ಮ. ಕಾರ್ಬನ್ ಬ್ಲ್ಯಾಕ್ ಕಾಳಿಗೆ ಮಲಗುವ ಮಾತೇ ಇಲ್ಲವಲ್ಲ, ಹಾಗಾಗಿ ಅದು ಈ ವಿಷಯದಲ್ಲಿ ಕಾಟ ಕೊಡುವುದು ಕಡಿಮೆ. ಸ್ಪೀಡ್ ಅರ್ಧಕ್ಕೆ ಇಳಿಸೋಣ ಅಂದರೆ ಆಪರೇಟರ್, "ಸ್ಪೀಡ್ ಕಮ್ಮಿ ಮಾಡಿದ್ರ ಶಾಟ್ ತುಂಬೂದಿಲ್ರಿ." ಅದೂ ಖರೆ, ಟ್ಯೂಬ್ ಹಾಕಿದ ಮಾಲು ದಪ್ಪಗೆ ಹರಿಯುತ್ತದೆ. ಬ್ಯಾರೆಲ್ 245ಕ್ಕೆ ಏರಿಸಿದೆವು, ಡೈ ನೀರನ್ನು 30 ಡಿಗ್ರಿಯಿಂದ 55ಕ್ಕೆ ತಂದೆವು, ಆಮೇಲೆ ಸ್ಪೀಡ್ ಇಳಿಸಿದೆವು. ಬಿಸಿ ಜಾಸ್ತಿ ಹೊತ್ತು ಉಳಿದರೆ ಮಲಗಿದ ಟ್ಯೂಬ್‌ಗಳು ಮತ್ತೆ ಒಂದಿಷ್ಟು ಅಡ್ಡಾಡಿ ದಾರಿ ಕೂಡಿಸಿಕೊಳ್ಳುತ್ತವೆ. ಎಲ್ಲ ಕಡೆ 10⁵–10⁶ ಬಂತು. ಸೈಕಲ್ ಟೈಮ್ ಮಾತ್ರ ಬೆಳೆಯಿತು, ಕೊಟ್ಟ ಕೊಟೇಶನ್‌ನಲ್ಲಿ ಅದು ಇರಲಿಲ್ಲ. ನೀವು ಕೊಟೇಶನ್ ಕೊಡುವಾಗ ಸೇರಿಸಿಕೊಳ್ಳಿ.

ಇಷ್ಟೆಲ್ಲ ಕಾಟದ ಮೇಲೂ ಯಾಕೆ ತೆಗೆದುಕೊಳ್ಳಬೇಕು? ಮೂರು ಕಾರಣಕ್ಕೆ. ಕರಿ ಬಿಡುವುದಿಲ್ಲ ಅನ್ನುವಷ್ಟು ಕಡಿಮೆ. ಪ್ಲಾಸ್ಟಿಕ್‌ನ ಮೂಲ ಗುಣ, ಮುಖ್ಯವಾಗಿ ಬಿದ್ದರೆ ತಾಳುವ ಗುಣ, ಕಾರ್ಬನ್ ಬ್ಲ್ಯಾಕ್‌ಗಿಂತ ಚೆನ್ನಾಗಿ ಉಳಿಯುತ್ತದೆ. ಗ್ರೈಂಡರ್‌ಗೆ ಹಾಕಿದ ರನ್ನರ್ (ಡೈಗೆ ಮಾಲು ಹೋಗುವ ದಾರಿಯಲ್ಲಿ ಉಳಿದ ತುಂಡು) ಮತ್ತೆ ಬಳಸಿದರೂ ಕಾರ್ಬನ್ ಫೈಬರ್‌ನಂತೆ ತುಂಡಾಗಿ ಗುಣ ಕಳೆದುಕೊಳ್ಳುವುದಿಲ್ಲ. ಈ ಮೂರರಲ್ಲಿ ಒಂದಾದರೂ ನಿಮಗೆ ಬೇಕೇ ಬೇಕು ಅಂತಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಸಿ ಸಾಕು.

ಒಂಟಿ ಗೋಡೆಯ ಟ್ಯೂಬ್ ಅಂತ ಇನ್ನೊಂದು ಜಾತಿ ಇದೆ. ಟ್ಯೂಬಾಲ್ ಹೆಸರಿನಲ್ಲಿ ಬರುವುದು ಇದೇ. ಎಪಾಕ್ಸಿ, ಸಿಲಿಕೋನ್‌ನಂಥ ದ್ರವಗಳಲ್ಲಿ ನೂರಕ್ಕೆ 0.1ರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಇಷ್ಟು ಕಡಿಮೆ ಆದ್ದರಿಂದ ಇಎಸ್‌ಡಿ ಫ್ಲೋರಿಂಗ್‌ನಲ್ಲಿ ಬೂದು ಮಾತ್ರವಲ್ಲ, ಬೇರೆ ಬಣ್ಣವನ್ನೂ ತರಬಹುದು, ಕಾರ್ಬನ್ ಅಂದರೆ ಕರಿಯೇ ಅಂತ ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ. ನಮ್ಮ ಮೌಲ್ಡಿಂಗ್ ಕೆಲಸಕ್ಕೆ ಇದು ಬೇಡ. ನೆಲ ಹಾಕಿಸುವವರು ಕೇಳಿ ನೋಡಿ.

ನ್ಯಾನೋಟ್ಯೂಬ್ ಸೋಲುವ ಎರಡು ಜಾಗ

ಒಂದು, ತಾನಾಗಿ ಬಿಸಿ ನಿಲ್ಲಿಸಿಕೊಳ್ಳುವ ಹೀಟರ್ ಕೇಬಲ್. ಪಾಲಿಎಥಿಲೀನ್‌ನಲ್ಲಿ ಕಾರ್ಬನ್ ಬ್ಲ್ಯಾಕ್ ಇದ್ದರೆ, ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಕಾಳುಗಳು ದೂರ ಸರಿದು ಕರೆಂಟ್ ತಾನೇ ಕಡಿಮೆಯಾಗುತ್ತದೆ. ಕಣಿಕೆಯ ಬಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಇಲ್ಲಿ ಅದರ ಒಳ್ಳೆಯ ಗುಣವೇ ಕೆಟ್ಟದ್ದು. ತಾನಾಗಿ ರೀಸೆಟ್ ಆಗುವ ಪಾಲಿಮರ್ ಫ್ಯೂಸ್‌ನದೂ ಇದೇ ಕಥೆ.

ಎರಡು, ರೇಡಿಯೋ ಅಲೆ ತಡೆಯುವ ಡಬ್ಬಿ. 30 ಡಿಬಿ ಅಂದರೆ ನೂರಕ್ಕೆ 99.9 ತಡೆದ ಹಾಗೆ. ಅಷ್ಟು ಬೇಕಾದರೆ ಟ್ರೇಗೆ ಹಾಕುವ 3 ಎಲ್ಲಿಗೂ ಸಾಲುವುದಿಲ್ಲ, ಪ್ರಮಾಣವೂ ಗೋಡೆಯ ದಪ್ಪವೂ ಏರಬೇಕು. ಸ್ಟೀಲ್ ಫೈಬರ್ ಅಥವಾ ನಿಕಲ್ ಲೇಪಿಸಿದ ಕಾರ್ಬನ್ ಫೈಬರ್ ನೋಡಿ. ಅದಕ್ಕಿಂತ ಮೊದಲು ಪಕ್ಕದ ಶೀಟ್ ಮೆಟಲ್ ಅಂಗಡಿಯವರನ್ನು ಕೇಳಿ, ತಗಡಿನ ಡಬ್ಬಿಯೇ ಸಾಕಾಗಬಹುದು.

ಅಳೆಯುವುದು, ಉಸಿರಾಡುವುದು

ಮಲ್ಟಿಮೀಟರ್‌ನ ಎರಡು ಮೊನೆ ಚುಚ್ಚಿ "ನೋಡ್ರಿ, ಓಮ್ ತೋರಸತದ" ಅನ್ನುವವರನ್ನು ನಂಬಬೇಡಿ. ಮೊನೆ ಮೇಲಿನ ಚರ್ಮ ದಾಟಿ ಒಳಗೆ ಹೋಗುತ್ತದೆ, ಬೋರ್ಡ್ ಹಾಗೆ ಚುಚ್ಚುವುದಿಲ್ಲವಲ್ಲ. ಮೇಲಾಗಿ ಸಾಮಾನ್ಯ ಮಲ್ಟಿಮೀಟರ್ 20–40 ಮೆಗಾಓಮ್ ದಾಟಿದರೆ ಕೈ ಎತ್ತುತ್ತದೆ. ಸರಿಯಾದ ಸರ್ಫೇಸ್ ರೆಸಿಸ್ಟನ್ಸ್ ಮೀಟರ್‌ಗೆ ರಬ್ಬರ್ ತಳದ 2.27 ಕೆಜಿ ತೂಕಗಳಿರುತ್ತವೆ. 10 ವೋಲ್ಟ್‌ನಲ್ಲಿ ಅಳೆದು, 10⁶ ದಾಟಿದರೆ 100 ವೋಲ್ಟ್‌ಗೆ ಬದಲಾಯಿಸಬೇಕು. ಸಣ್ಣ ಟ್ರೇ ಒಳಗೆ ಆ ತೂಕ ಕೂರದಿದ್ದರೆ ಎರಡು ಸಣ್ಣ ರಬ್ಬರ್ ಪಿನ್‌ಗಳ ಪ್ರೋಬ್ ಸಿಗುತ್ತದೆ.

ಪುಡಿ ಬೇಡ ಅಂತ ಹೇಳಿದ್ದಕ್ಕೆ ಆರೋಗ್ಯದ ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಎಂಡಬ್ಲ್ಯುಸಿಎನ್‌ಟಿ-7 ಅನ್ನುವ ಒಂದು ಜಾತಿಯ ಟ್ಯೂಬನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಉಳಿದ ಟ್ಯೂಬ್‌ಗಳ ಬಗ್ಗೆ ತೀರ್ಮಾನಕ್ಕೆ ಸಾಕ್ಷಿ ಸಾಲದು ಅಂದಿತು. ಕಾರ್ಬನ್ ಬ್ಲ್ಯಾಕ್ ಕೂಡ ಅದೇ 2ಬಿಯಲ್ಲಿದೆ, ಹಾಗಾಗಿ ಮಸಿಯೇ ಸುರಕ್ಷಿತ ಅಂತ ಬೀಗಬೇಡಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ 2013ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ನ್ಯಾನೋಟ್ಯೂಬ್ ಘನ ಮೀಟರ್‌ಗೆ 1 ಮೈಕ್ರೋಗ್ರಾಂ ಮೀರಬಾರದು ಅಂತ ಹೇಳಿತು. ಅದು ಎಷ್ಟು ಕಡಿಮೆ ಅಂದರೆ ನಮ್ಮ ಶಾಪ್‌ನಲ್ಲಿ ಅಳೆಯುವ ಸಾಧನವೇ ಇಲ್ಲ. ದಾನಾ ರೂಪದಲ್ಲಿ ಟ್ಯೂಬ್ ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡಿರುತ್ತದೆ. ಆದರೆ ಗ್ರೈಂಡರ್ ಹತ್ತಿರ ಧೂಳು ಏಳುತ್ತದೆ, ಅಲ್ಲಿ ಒಳ್ಳೆಯ ಮಾಸ್ಕ್ ಹಾಕಿ, ಕಸಬರಿಗೆ ಬಿಟ್ಟು ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ ಬಳಸಿ.

ಕೊಳ್ಳುವ ಮಾತಿಗೆ ಬಂದರೆ, ಮಾಲಿನವರಿಗೆ "ಒಳ್ಳೇದು ಕೊಡಿ" ಅನ್ನಬೇಡಿ. ಟ್ರೇ ಗೋಡೆಯ ದಪ್ಪ ಇಷ್ಟು, ಓಮ್ ಇಷ್ಟರಿಂದ ಇಷ್ಟರ ಒಳಗೆ, ತೊಳೆಯುತ್ತೇವೋ ಇಲ್ಲವೋ, ಎಷ್ಟು ಬಿಸಿಗೆ ಹೋಗುತ್ತದೆ, ಇಷ್ಟು ಬರೆದು ಕೊಡಿ. ಅವರ ಡೇಟಾ ಶೀಟ್‌ನ ಅಂಕಿ ಒತ್ತಿ ಮಾಡಿದ ದಪ್ಪ ಹಾಳೆಯದಾಗಿರಬಹುದು, ಮೌಲ್ಡಿಂಗ್‌ನದಲ್ಲದೆ ಇರಬಹುದು, ಕೇಳಿ ಖಾತ್ರಿ ಮಾಡಿಕೊಳ್ಳಿ. 25 ಕೆಜಿ ಚೀಲಕ್ಕೆ ದುಡ್ಡು ಕಟ್ಟುವ ಮೊದಲು 5 ಕೆಜಿ ಸ್ಯಾಂಪಲ್ ಕೇಳಿ, ನಿಮ್ಮದೇ ಡೈಯಲ್ಲಿ, ನಿಮ್ಮದೇ ಮಷಿನ್‌ನಲ್ಲಿ ಎರಡು ಸ್ಪೀಡ್‌ನಲ್ಲಿ ಹೊಡೆದು, ಗೇಟ್ ಬಳಿ, ನಡುವೆ, ತೆಳು ಪಕ್ಕೆಯಲ್ಲಿ ಮೂರೂ ಕಡೆ ಅಳೆಯಿರಿ. ಸ್ಯಾಂಪಲ್ ಕೊಡಲ್ಲ ಅನ್ನುವವರ ಹತ್ತಿರ ನಾನು ಈಗ ಕೊಳ್ಳುವುದಿಲ್ಲ.